ಸಿರ್ಕಾಳ ನಾಲ್ಕು

"ಬೇರೆಯವರಲ್ಲಿ ಇಲ್ಲದ್ದು ನಿನ್ನಲ್ಲಿ ಏನಿದೆ, ವಿರ್ಪಿ? ಅದೊಂದು ಹೇಳಿಬಿಡು," ಎಂದು ಪೀಯಾ ಮೇಜಿನ ಮೇಲೆ ಎರಡೂ ಮೊಣಕೈ ಊರಿ, ಇನ್ನೇನು ಒಳ್ಳೆಯ ಕಥೆಯೊಂದು ಶುರುವಾಗುತ್ತದೆ ಎನ್ನುವಂತೆ ಮುಂದಕ್ಕೆ ಬಾಗಿದಳು.

ವಿರ್ಪಿ ಯೋಚನೆ ಮಾಡಿದಳು. ಕೆಳಗಿನ ಅಡುಗೆಮನೆಯಲ್ಲಿ ಬಟಾಣಿ ಸೂಪನ್ನು ಒಲೆಗೇರಿಸಿ, ಏಪ್ರನ್ನನ್ನು ಮೊಳೆಗೆ ಸಿಕ್ಕಿಸಿ ನೇರ ಮೇಲೆ ಬಂದವಳು ಅವಳು. ಈರುಳ್ಳಿ ವಾಸನೆಯ ಕೈಗಳನ್ನು ಮೇಜಿನ ಕೆಳಗೆ ಮಡಿಲಲ್ಲಿಟ್ಟುಕೊಂಡು, ಕಿಟಕಿಯಾಚೆ ಶಾಲೆಯ ಅಂಗಳದಲ್ಲಿ ಕರಗುತ್ತಿದ್ದ ಕೊನೆಯ ಹಿಮದ ಗುಡ್ಡೆಯನ್ನು ನೋಡಿದಳು. ಅವಳ ಮುಂದಿದ್ದ ಕಾಫಿ ಆರುತ್ತಿತ್ತು.

"ಗೊತ್ತಿಲ್ಲ," ಎಂದಳು ಕೊನೆಗೆ. ಅರ್ಧ ನಿಮಿಷ ಬಿಟ್ಟು, "ಊಟ ಹನ್ನೊಂದಕ್ಕೆ ರೆಡಿ ಇರತ್ತೆ," ಎಂದು ಸೇರಿಸಿದಳು.

ಪೀಯಾ ಇನ್ನೂ ಕಾದಳು. ಮುಖ್ಯೋಪಾಧ್ಯಾಯ ಓಸ್ಮೊ ಗಂಟಲು ಸರಿಮಾಡಿಕೊಂಡು ತನ್ನ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಮೇಜಿನ ಮೂರನೆಯ ಬದಿಗೆ ಕೂತಿದ್ದ ಸಿರ್ಕಾಳಿಗೆ ಮಾತ್ರ ಒಳಗೊಳಗೇ ಹಿತವಾಯಿತು. ಉತ್ತರ ಎಂದರೆ ಇದು. ಕೇಳಿದ್ದಕ್ಕೆ ಎರಡು ಮಾತು, ಎರಡೂ ನಿಜ.

ಹೌಕಿವಾರಾ ಶಾಲೆಯ ಅಡುಗೆಮನೆಯನ್ನು ಸಿರ್ಕಾ ಮೂವತ್ತೊಂದು ವರ್ಷದಿಂದ ನಡೆಸಿಕೊಂಡು ಬಂದವಳು. ಜೂನ್ ಮೊದಲ ವಾರ ಶಾಲೆ ಮುಚ್ಚುವ ದಿನವೇ ಅವಳ ನಿವೃತ್ತಿ. ಅವಳ ಜಾಗಕ್ಕೆ ಯಾರು ಎಂದು ಆರಿಸಲು ಪುರಸಭೆ ಮೂವರನ್ನು ಕೂರಿಸಿತ್ತು: ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಪೀಯಾ, ಮುಖ್ಯೋಪಾಧ್ಯಾಯ ಓಸ್ಮೊ, ಮತ್ತು ಕೆಲಸ ಬಲ್ಲವಳೆಂದು ಸಿರ್ಕಾ. ವಿರ್ಪಿ ಹನ್ನೊಂದು ವರ್ಷದಿಂದ ಸಿರ್ಕಾಳ ಕೈಕೆಳಗೆ ಇದ್ದಾಳೆ, ಆದರೆ ಬದಲಿ ಕೆಲಸದವಳಾಗಿ. ಆಗಸ್ಟಿನಲ್ಲಿ ಕಾಗದಕ್ಕೆ ಸಹಿ, ಜೂನಿನಲ್ಲಿ ಆ ಕಾಗದ ಮುಗಿಯಿತು. ಮತ್ತೆ ಆಗಸ್ಟಿನಲ್ಲಿ ಕರೆದರೆ ಕರೆದರು. ಈ ಸಲ ಕರೆಯುವುದೂ ಇಲ್ಲ. ಮಕ್ಕಳ ಸಂಖ್ಯೆ ಇಳಿದು ಬರುವ ವರ್ಷದಿಂದ ಅಡುಗೆಮನೆಗೆ ಒಂದೇ ಹುದ್ದೆ, ಅದು ಸಿರ್ಕಾಳದ್ದು, ಖಾಯಂ ಹುದ್ದೆ. ಅದು ಸಿಕ್ಕರೆ ವಿರ್ಪಿ ಊರಲ್ಲಿ ಉಳಿದಳು. ಸಿಗದಿದ್ದರೆ ಸರೋವರದ ದಂಡೆಯ ಮನೆಗೆ ಬೀಗ ಹಾಕಿ, ಏಳನೇ ಕ್ಲಾಸಿನ ಮಗಳನ್ನು ಕಟ್ಟಿಕೊಂಡು ಔಲು ಪಟ್ಟಣಕ್ಕೋ ಇನ್ನೆಲ್ಲಿಗೋ ಹೋಗಬೇಕು. ಹೌಕಿವಾರಾದಲ್ಲಿ ಬೇರೆ ಅಡುಗೆಮನೆ ಎಂದರೆ ಪೆಟ್ರೋಲ್ ಬಂಕಿನ ಸಾಸೇಜ್ ಅಂಗಡಿ ಒಂದೇ.

ಸಿರ್ಕಾ ಈ ಮೂವರಲ್ಲಿ ಒಬ್ಬಳಾಗಿ ಕೂರಲು ಒಪ್ಪಿದ್ದೇ ವಿರ್ಪಿಗಾಗಿ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ವಿರ್ಪಿಗೂ.

"ಸರಿ, ಬೇರೆ ಕೇಳ್ತೀನಿ," ಎಂದಳು ಪೀಯಾ. ಅವಳ ಉತ್ಸಾಹ ಸುಲಭಕ್ಕೆ ಬತ್ತುವಂಥದಲ್ಲ. "ತುಂಬಾ ಕಷ್ಟದ ದಿನ ಒಂದನ್ನ ನೆನಪು ಮಾಡ್ಕೋ. ಏನಾಯ್ತು, ನೀನೇನು ಮಾಡ್ದೆ?"

ಸಿರ್ಕಾ ಕುರ್ಚಿಯಲ್ಲಿ ನೆಟ್ಟಗಾದಳು. ಹೇಳೇ, ಈಗ ಹೇಳು! ಮೂರು ಚಳಿಗಾಲದ ಹಿಂದೆ, ಸಿರ್ಕಾ ಮಂಡಿ ಆಪರೇಷನ್ ಆಗಿ ಮಲಗಿದ್ದಾಗ, ತಂತಿಯ ಮೇಲೆ ಮರ ಬಿದ್ದು ಊರಿಗೆ ಊರೇ ಕರೆಂಟಿಲ್ಲದೆ ಕೂತಿತ್ತು. ಹೊರಗೆ ಮೈನಸ್ ಇಪ್ಪತ್ತೇಳು. ಪುರಸಭೆಯವರು ಮಕ್ಕಳಿಗೆ ಬ್ರೆಡ್ ಹಂಚಿ ಎಂದು ಫೋನಿನಲ್ಲಿ ಹೇಳಿ ಕೈತೊಳೆದುಕೊಂಡಿದ್ದರು. ವಿರ್ಪಿ ಬೇಟೆಗಾರರ ಸಂಘದ ಗಾಲಿ ಹಂಡೆಯನ್ನು, ಅದೇ ಕೆಳಗೆ ಸೌದೆ ಉರಿಸುವಂಥದ್ದನ್ನು, ಯಾರದೋ ಟ್ರ್ಯಾಕ್ಟರಿಗೆ ಕಟ್ಟಿಸಿ ತಂದು, ಅಂಗಳದಲ್ಲಿ ನಿಂತು ನೂರ ನಲವತ್ತು ಮಕ್ಕಳಿಗೆ ಸಾಸೇಜ್ ಸೂಪು ಮಾಡಿದ್ದಳು. ಹಾಲು ಒಗ್ಗದವರಿಗೆ ಬೇರೆ ಪಾತ್ರೆ, ಗೋಧಿ ಒಗ್ಗದವರಿಗೆ ಬೇರೆ ಪಾತ್ರೆ. ಹನ್ನೊಂದಕ್ಕೆ ಊಟ ರೆಡಿ ಇತ್ತು. ಓಸ್ಮೊ ಆಗಿನ್ನೂ ಈ ಶಾಲೆಗೆ ಬಂದಿರಲಿಲ್ಲ, ಪೀಯಾ ಈ ಪುರಸಭೆಗೇ ಬಂದಿರಲಿಲ್ಲ.

"ಕಷ್ಟ ಅಂತ ಅಷ್ಟೇನೂ ಬಂದಿಲ್ಲ," ಎಂದಳು ವಿರ್ಪಿ. "ಒಂದ್ಸಲ ಕರೆಂಟ್ ಹೋಗಿತ್ತು."

"ಹಾಂ, ಆಮೇಲೆ?"

"ಬಂತು."

ಆ ಹಂಡೆ ವಿಷಯ ಹೇಳು ಎನ್ನುವ ಮಾತು ಸಿರ್ಕಾಳ ತುಟಿಗೇ ಬಂದಿತ್ತು. ಆದರೆ ಬಾಯಿಗೆ ಉತ್ತರ ತುರುಕುವುದು ನ್ಯಾಯವಲ್ಲ. ಬೆಳಿಗ್ಗೆ ಇದೇ ಕೆಲಸಕ್ಕೆ ಬಂದಿದ್ದ ಇನ್ನೊಬ್ಬಳಿಗೆ ಯಾರೂ ಹಾಗೆ ತುರುಕಿರಲಿಲ್ಲ.

"ಮುಗೀತಾ?" ವಿರ್ಪಿ ಗಡಿಯಾರ ನೋಡಿ ಎದ್ದಳು. "ಪ್ಯಾನ್‌ಕೇಕ್ ಓವನ್ನಿಗೆ ಇಡೋ ಹೊತ್ತಾಯ್ತು." ಆರಿದ ಕಾಫಿಯ ಲೋಟವನ್ನು ತಾನೇ ಎತ್ತಿಕೊಂಡು ಹೋದಳು.

ಬೆಳಿಗ್ಗೆ ಒಂಬತ್ತಕ್ಕೆ ಬಂದಿದ್ದವಳು ಯೊನ್ನಾ. ಕುವೊಪಿಯೊ ನಗರದ ಹೋಟೆಲೊಂದರಲ್ಲಿ ಬೆಳಗಿನ ತಿಂಡಿಯ ಉಸ್ತುವಾರಿ. ಗಂಡನಿಗೆ ಇಲ್ಲಿ ಅರಣ್ಯ ಇಲಾಖೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಇತ್ತ ಬರುವವಳು. ಬಾಗಿಲಲ್ಲೇ ಮೂವರ ಕೈ ಕುಲುಕಿ, ಮೂವರ ಹೆಸರನ್ನೂ ಒಂದೊಂದು ಸಲ ಹೇಳಿ, ಕೂತಳು. ಎಂಬತ್ತು ಜನ ಜರ್ಮನ್ ಪ್ರವಾಸಿಗಳು ಸಾಲಲ್ಲಿ ನಿಂತಿರುವಾಗ ಹೋಟೆಲಿನ ಕಾಫಿ ಯಂತ್ರ ಕೈಕೊಟ್ಟ ಕಥೆ ಹೇಳಿದಳು. ಮೊಟ್ಟೆ ಬೇಯಿಸುವ ಪಾತ್ರೆಯಲ್ಲೇ ಕಾಫಿ ಕುದಿಸಿದಳಂತೆ, "ಇದು ನಮ್ಮ ಅಜ್ಜಿ ಕಾಲದ ಕಾಫಿ, ಇವತ್ತು ಮಾತ್ರ" ಎಂದು ಬೋರ್ಡು ಬರೆದು ಇಟ್ಟಳಂತೆ, ಜರ್ಮನ್ನರು ಅದರ ಫೋಟೋ ತೆಗೆದುಕೊಂಡರಂತೆ. ಪೀಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಓಸ್ಮೊ ಕೂಡ ನಕ್ಕ. ಒಗ್ಗದ ಊಟಗಳ ವಿಷಯಕ್ಕೆ ಸಿರ್ಕಾ, "ಗೋಧಿ ಒಗ್ಗದ ಮಕ್ಕಳಿಗೆ ಮಾಡಿ ಗೊತ್ತಾ?" ಎಂದು ಕೇಳಿದಾಗ ಯೊನ್ನಾ, "ಅಯ್ಯೋ, ನಿದ್ದೇಲೂ ಮಾಡ್ತೀನಿ!" ಎಂದಳು.

ನಿದ್ದೆಯಲ್ಲಿ ಮಾಡುವ ಅಡುಗೆ ಸಿರ್ಕಾಳಿಗೆ ಬೇಕಿರಲಿಲ್ಲ. ಅವಳು ಅಂಕದ ಹಾಳೆಯಲ್ಲಿ ಆ ಸಾಲಿಗೆ ಐದಕ್ಕೆ ಎರಡು ಹಾಕಿದಳು. ಯೊನ್ನಾ ತಂದಿದ್ದ ಸರ್ಟಿಫಿಕೇಟುಗಳಲ್ಲಿ ಅದಕ್ಕೆಂದೇ ಒಂದಿತ್ತು. ಸಿರ್ಕಾ ಅದನ್ನು ತಿರುವಿ ನೋಡಲಿಲ್ಲ.

ತನ್ನನ್ನು ತಾನೇ ಹೊಗಳಿಕೊಂಡರೆ ನಾರುತ್ತದೆ ಎಂದು ಈ ಊರಿನಲ್ಲಿ ಮಕ್ಕಳಿಗೆ ನಡೆಯುವ ಮೊದಲೇ ಕಲಿಸುತ್ತಾರೆ. ಬೇರೆಯವರನ್ನು ಹೊಗಳುವುದೂ ಹೆಚ್ಚುಕಡಿಮೆ ಅದೇ ವಾಸನೆ. ಹೊಗಳಿಕೆಯಲ್ಲಿ ಇಷ್ಟು ಕೈಬಿಗಿಯ ಊರಿನವರೇ ಸಿರ್ಕಾಳ ಬಾಯಲ್ಲಿ ಒಳ್ಳೆಯ ಮಾತು ಬರೋದೂ ನಡುಬೇಸಿಗೆ ಹಬ್ಬಕ್ಕೆ ಹಿಮ ಬೀಳೋದೂ ಒಂದೇ ಎನ್ನುತ್ತಿದ್ದರು. ಗಂಡ ತಾರ್ಮೊ ಎರಡು ಬೇಸಿಗೆ ಬೆನ್ನು ಮುರಿದುಕೊಂಡು ಕಟ್ಟಿದ ಹಬೆಸ್ನಾನದ ಸೌನಾದಲ್ಲಿ ಮೊದಲ ಸಲ ಮಿಂದು ಬಂದು ಅವಳು ಹೇಳಿದ್ದು "ಪರವಾಗಿಲ್ಲ." ಆತ ಆ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಸಿರ್ಕಾಳ ಪರವಾಗಿಲ್ಲ ಎಂದರೆ ಏನೆಂದು ಊರಿಗೆ ಗೊತ್ತಿತ್ತು. ಅವಳ ಶಾಲೆಯ ಕಾಲದಲ್ಲಿ ಅಡುಗೆ ಪಾಠದ ಟೀಚರು ಹತ್ತಕ್ಕೆ ಒಂಬತ್ತು ಕೊಟ್ಟು, "ಹತ್ತು ಕೊಟ್ಟುಬಿಟ್ರೆ ನಾಳೆ ನೀನು ಇನ್ನೆಲ್ಲಿಗೆ ಹೋಗ್ತೀಯ?" ಎಂದಿದ್ದರು. ಆ ಮಾತು ಸಿರ್ಕಾಳಿಗೆ ಎಷ್ಟು ನ್ಯಾಯವಾಗಿ ಕಂಡಿತ್ತೆಂದರೆ ಅಲ್ಲಿಂದಾಚೆ ಅವಳು ಯಾರಿಗೂ, ಯಾವುದಕ್ಕೂ ಪೂರ್ತಿ ಅಂಕ ಕೊಟ್ಟವಳಲ್ಲ. ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಐದಕ್ಕೆ ಎರಡು ಹಾಕಿ ಕಳಿಸಿ, ಅವರು ಅಳುತ್ತಾ ಹೋದರೆ ಬೇಜಾರಿಲ್ಲದೆ ಪಾತ್ರೆ ತೊಳೆಯುತ್ತಿದ್ದಳು.

ಪೀಯಾ ಇದಕ್ಕೆ ಪೂರಾ ಉಲ್ಟಾ. ಅವಳು ಸವೊ ಕಡೆಯವಳು. ಆ ಕಡೆಯವರು ಮಾತಾಡಿದರೆ ಅದರ ಜವಾಬ್ದಾರಿ ಕೇಳಿದವರದ್ದು ಎಂದು ಗಾದೆಯೇ ಇದೆ. ಪುರಸಭೆಗೆ ಬಂದ ಮೊದಲ ವರ್ಷವೇ ಊಟದ ಕೋಣೆಯ ಬಾಗಿಲ ಬಳಿ ಒಂದು ಯಂತ್ರ ತಂದು ನಿಲ್ಲಿಸಿದ್ದಳು. ಅದರಲ್ಲಿ ನಾಲ್ಕು ಮುಖ: ಹಸಿರು ನಗು, ತಿಳಿಹಸಿರು ನಗು, ತಿಳಿಗೆಂಪು ಮುನಿಸು, ಕಡುಗೆಂಪು ಮುನಿಸು. ಊಟ ಮುಗಿಸಿದ ಮಕ್ಕಳು ಹೋಗುವಾಗ ಒಂದನ್ನು ಒತ್ತಬೇಕು, ಒತ್ತಿದರೆ ಮೇಲೊಂದು ಪುಟ್ಟ ದೀಪ ಮಿನುಗುತ್ತದೆ. ಲಿವರ್ ಮಾಡಿದ ದಿನ ಏಳನೇ ಕ್ಲಾಸಿನವರು ಕೆಂಪನ್ನು ಪಟಪಟನೆ ಕುಟ್ಟುವುದನ್ನು ನೋಡಿ ಸಿರ್ಕಾ ಸಿಡುಕಿದರೆ ವಿರ್ಪಿ, "ಕುಟ್ಟಲಿ ಬಿಡು. ಒಂದೇ ಕೈ ಮತ್ತೆ ಮತ್ತೆ ಒತ್ತಿದ್ರೆ ಅದು ಮೊದಲನೇದು ಮಾತ್ರ ತಗೊಳತ್ತೆ. ಆಮೇಲೆ ದೀಪಾನೇ ಹತ್ತಲ್ಲ," ಎಂದಿದ್ದಳು. ಸಿರ್ಕಾ ಆ ಯಂತ್ರವನ್ನು ಇವತ್ತಿನವರೆಗೂ ಮುಟ್ಟಿಲ್ಲ. ಊಟ ಹೇಗಿತ್ತು ಎನ್ನುವುದು ಮಿಕ್ಕದ್ದನ್ನು ಸುರಿಯುವ ಬಕೆಟ್ ನೋಡಿದರೆ ಗೊತ್ತಾಗುತ್ತದೆ, ಅದಕ್ಕೆ ಮೂತಿ ಬೇರೆ ಯಾಕೆ?

ಹೋದ ವಾರ ಮೂವರೂ ಕೂತಾಗ ಪೀಯಾ, "ಒಬ್ಬೊಬ್ಬರು ಹೋದ್ಮೇಲೂ ಹತ್ತು ನಿಮಿಷ ನಾವು ನಾವೇ ಮಾತಾಡೋಣ. ಆಮೇಲೆ ಅಂಕ ಹಾಕೋಣ. ಮೂವರ ಅಳತೆನೂ ಒಂದೇ ಇರತ್ತೆ," ಎಂದಿದ್ದಳು. ಸಿರ್ಕಾಳಿಗೆ ಇದರ ಒಳಮರ್ಮ ತಕ್ಷಣ ಹೊಳೆಯಿತು, ಅಥವಾ ಹೊಳೆಯಿತೆಂದು ಅವಳು ಅಂದುಕೊಂಡಳು. ಹತ್ತು ನಿಮಿಷದಲ್ಲಿ ಪೀಯಾ ಓಸ್ಮೊನನ್ನು ಮಾತಿನಲ್ಲೇ ಮಡಚಿ ಜೇಬಿಗಿಟ್ಟುಕೊಳ್ಳುತ್ತಾಳೆ.

"ಮಾತು ಬೇಡ," ಎಂದಿದ್ದಳು ಸಿರ್ಕಾ. "ಅವರವರ ಹಾಳೆ ಮೇಲೆ ಅವರವರು, ಪೆನ್ನಲ್ಲಿ. ಮಡಚಿ ಲಕೋಟೆಗೆ ಹಾಕೋದು. ಇಬ್ಬರದೂ ಮುಗಿದ ಮೇಲೆ ಕೂಡೋದು. ಮೊದಲು ಮಾತಿಲ್ಲ, ಆಮೇಲೆ ತಿದ್ದೋ ಹಾಗಿಲ್ಲ. ಹೆಚ್ಚು ಯಾರಿಗೆ ಬಂತೋ ಅವರಿಗೆ ಕೆಲಸ."

"ಸಿರ್ಕಾ, ನಾವು ಆರಿಸ್ತಾ ಇರೋದು ಅಡುಗೆಯವಳನ್ನೋ ದೇಶದ ಅಧ್ಯಕ್ಷನನ್ನೋ?" ಎಂದು ನಕ್ಕರೂ ಪೀಯಾ ಆ ಮಾತನ್ನು ಅಕ್ಷರ ಬಿಡದೆ ನಡಾವಳಿ ಪುಸ್ತಕದಲ್ಲಿ ಬರೆದು, ಮೂವರ ಸಹಿಯನ್ನೂ ಹಾಕಿಸಿದ್ದಳು. ಅವತ್ತು ಮನೆಗೆ ಹೋಗುವಾಗ ಸಿರ್ಕಾಳಿಗೆ ತಾನೊಂದು ಕೋಟೆ ಕಟ್ಟಿದೆ ಎನ್ನುವ ಸಮಾಧಾನವಿತ್ತು.

ಈಗ ವಿರ್ಪಿಯ ಹಾಳೆ ಮುಂದಿತ್ತು. ಐದು ಸಾಲು, ಒಂದೊಂದಕ್ಕೂ ಐದರವರೆಗೆ ಅಂಕ. ಅಡುಗೆ ಎನ್ನುವ ಸಾಲಿನ ಮೇಲೆ ಪೆನ್ನು ಹಿಡಿದು ಸಿರ್ಕಾ ಬಹಳ ಹೊತ್ತು ಕೂತಳು. ತನಗಿಂತ ವಿರ್ಪಿಯ ಕೈ ಒಳ್ಳೆಯದು ಎನ್ನುವುದು ಅವಳಿಗೆ ಏಳೆಂಟು ವರ್ಷದಿಂದ ಗೊತ್ತು. ಐದು ಬರೆಯಲು ಹೋದಳು. ಕೈ ಬರಲಿಲ್ಲ. ಐದು ಎಂದರೆ ಇನ್ನು ಕಲಿಯುವುದೇನೂ ಇಲ್ಲ ಎಂದಾಯಿತಲ್ಲ. ವಿರ್ಪಿ ಪ್ಯಾನ್‌ಕೇಕಿನ ಅಂಚನ್ನು ಒಮ್ಮೊಮ್ಮೆ ಒಂದು ಚೂರು ಜಾಸ್ತಿ ಕೆಂಪು ಮಾಡುತ್ತಾಳೆ. ನಾಲ್ಕು ಬರೆದಳು. ಶುಚಿಗೆ ನಾಲ್ಕು. ಒಗ್ಗದ ಊಟಕ್ಕೆ ನಾಲ್ಕು. ಹೊಂದಾಣಿಕೆಗೆ ನಾಲ್ಕು. ಮಾತುಕತೆಗೆ, ಸತ್ಯ ಹೇಳಬೇಕಲ್ಲ, ಮೂರು. ಬರೆದು ಮುಗಿಸಿ ನೋಡಿದರೆ ಸಾಲಾಗಿ ನಾಲ್ಕು ನಾಲ್ಕು. ಜೀವಮಾನದಲ್ಲಿ ಇಷ್ಟು ಧಾರಾಳವಾಗಿ ಕೊಟ್ಟವಳಲ್ಲ ಅವಳು. ಸ್ವಲ್ಪ ನಾಚಿಕೆಯೇ ಆಯಿತು. ಯೊನ್ನಾಳಿಗೆ ತಾನು ಕೊಟ್ಟದ್ದು ಒಟ್ಟು ಹದಿನಾಲ್ಕು, ವಿರ್ಪಿಗೆ ಹತ್ತೊಂಬತ್ತು. ಐದು ಅಂಕದ ಅಂತರ ಯಾರ ಬಾಯಿಂದ ಮುಚ್ಚಲು ಸಾಧ್ಯ? ಹಾಳೆ ಮಡಚಿ ಲಕೋಟೆಗೆ ಹಾಕಿ, ನಾಲಿಗೆಯಿಂದ ಅಂಟು ಒದ್ದೆ ಮಾಡಿ, ಮುಷ್ಟಿಯಿಂದ ಗುದ್ದಿ ಅಂಟಿಸಿದಳು.

ಪೀಯಾ ಲಕೋಟೆಗಳನ್ನು ಒಡೆದು ಫೋನಿನಲ್ಲಿ ಕೂಡಿದಳು. ಓಸ್ಮೊ ಕಾಗದದ ಮೇಲೆ ಕೂಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ವಿರ್ಪಿ ಐವತ್ತಾರು," ಎಂದಳು ಪೀಯಾ. "ಯೊನ್ನಾ ಐವತ್ತೇಳು."

"ಇನ್ನೊಂದ್ಸಲ ಕೂಡು."

"ಎರಡು ಸಲ ಆಯ್ತು, ಸಿರ್ಕಾ."

"ಮೂರನೇ ಸಲ ಕೂಡು!"

ಮೂರನೇ ಸಲವೂ ಐವತ್ತಾರು ಐವತ್ತೇಳೇ ಬಂತು. ಸಿರ್ಕಾ ಹಾಳೆಗಳನ್ನು ಎಳೆದುಕೊಂಡಳು. ಓಸ್ಮೊನ ಎರಡೂ ಹಾಳೆಗಳಲ್ಲಿ ಮೇಲಿಂದ ಕೆಳಗೆ ನಾಲ್ಕು, ನಾಲ್ಕು, ನಾಲ್ಕು. ಯಾರ ಮನಸ್ಸೂ ನೋಯಬಾರದೆಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೂತಿದ್ದ ಮಹಾಶಯ.

"ಬಾಗಿಲಿಗೆ ಅಡ್ಡ ಇಟ್ಟ ಕಲ್ಲು ಬಂದು ಅರ್ಜಿ ಹಾಕಿದ್ರೂ ನಾಲ್ಕೇ ಕೊಡ್ತಿದ್ಯಲ್ಲ ನೀನು!"

"ಇಬ್ಬರೂ ಒಳ್ಳೇವ್ರೇ ಅಲ್ವಾ," ಎಂದ ಓಸ್ಮೊ. ಅವನ ಕಿವಿ ಕೆಂಪಾಯಿತು.

ಪೀಯಾಳ ಹಾಳೆಯಲ್ಲಿ ಯೊನ್ನಾಳಿಗೆ ಐದರ ಮೇಲೆ ಐದು, ಎರಡು ಕಡೆ ಮಾತ್ರ ನಾಲ್ಕು. ವಿರ್ಪಿಗೆ ಅಡುಗೆ, ಶುಚಿ, ಒಗ್ಗದ ಊಟಕ್ಕೆಲ್ಲ ನಾಲ್ಕಿತ್ತು. ಹೊಂದಾಣಿಕೆಗೆ ಮೂರು, ಮಾತುಕತೆಗೆ ಎರಡು.

"ಅಡುಗೆಯವಳಿಗೆ ಯಾಕೆ ಮಾತುಕತೆ? ಬಟಾಣಿ ಜೊತೆ ಹರಟೆ ಹೊಡೀಬೇಕಾ?"

"ಅಪ್ಪ ಅಮ್ಮಂದಿರ ಜೊತೆ ಆಡ್ಬೇಕು, ಕೆಲಸ ಕಲಿಯೋಕೆ ಬರೋ ಹುಡುಗೀರ ಜೊತೆ ಆಡ್ಬೇಕು. ಇನ್ಮೇಲೆ ಅವಳೊಬ್ಬಳೇ ಇರೋದು, ನೀನಿರಲ್ಲ," ಎಂದಳು ಪೀಯಾ. ಅವಳಿಗೂ ಈಗ ನಗು ಇರಲಿಲ್ಲ. "ನಾನು ಅವಳ ಹತ್ರ ಬೇಡ್ಕೊಂಡೆ, ನೋಡಿದ್ಯಲ್ಲ? ಏನಾದ್ರೂ ಒಂದು ಹೇಳು ಅಂತ. 'ಬಂತು' ಅಂದ್ಳು. ಕರೆಂಟು ಬಂತು! ಅದಕ್ಕೆ ನಾನು ಎಷ್ಟು ಹಾಕ್ಲಿ?"

ಆಗ ಸಿರ್ಕಾ ಹೇಳಿದಳು. ಮೈನಸ್ ಇಪ್ಪತ್ತೇಳು, ಗಾಲಿ ಹಂಡೆ, ಟ್ರ್ಯಾಕ್ಟರು, ಬೇರೆ ಬೇರೆ ಪಾತ್ರೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವಳು ಇಷ್ಟು ಉದ್ದ ಮಾತಾಡಿದ್ದನ್ನು ಆ ಕೋಣೆಯಲ್ಲಿ ಯಾರೂ ಹಿಂದೆ ಕೇಳಿರಲಿಲ್ಲ. ಪೀಯಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಇದನ್ನ ಅವಳು ಯಾಕೆ ಹೇಳಲಿಲ್ಲ? ಅವಳು ಬೇಡ, ನೀನ್ಯಾಕೆ ಹೇಳಲಿಲ್ಲ? ಹತ್ತು ನಿಮಿಷ ಮಾತಾಡೋಣ ಅಂತ ನಾನು ಕೇಳಿದ್ದು ಇದಕ್ಕೇ ಅಲ್ವಾ?"

ಪೀಯಾ ಸಿರ್ಕಾಳ ಹಾಳೆಯನ್ನು ಎತ್ತಿ ತೋರಿಸಿದಳು. "ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಇದನ್ನ ಒಡೆದು ನೋಡಿದಾಗ ನನಗೆ ಆಶ್ಚರ್ಯ ಆಯ್ತು. ಹನ್ನೊಂದು ವರ್ಷ ಜೊತೇಲಿ ಇದ್ದೋಳಿಗೆ ಒಂದೇ ಒಂದು ಐದು ಇಲ್ಲ. ಸಿರ್ಕಾಗೂ ಅವಳು ಅಷ್ಟಕ್ಕಷ್ಟೇ ಅಂದ್ಕೊಂಡೆ."

"ಅಷ್ಟಕ್ಕಷ್ಟೇನಾ?" ಸಿರ್ಕಾಳ ದನಿ ಒಡೆಯಿತು. "ಇಷ್ಟು ನಾಲ್ಕು ನನ್ನ ಕೈಯಿಂದ ಯಾರಿಗೂ ಹೋಗಿಲ್ಲ ಇವತ್ತಿನವರೆಗೂ! ನನ್ನ ನಾಲ್ಕು ಅಂದ್ರೆ ನಿಮ್ಮ ಐದಲ್ಲ, ಆರು!"

"ಹಾಳೇಲಿ ಆರು ಇಲ್ಲ," ಎಂದ ಓಸ್ಮೊ ಮೆಲ್ಲಗೆ.

"ಹಾಗಾದ್ರೆ ಐದು ಬರೀತೀನಿ, ಈಗಲೇ. ಎರಡು ಕಡೆ ಬರೆದ್ರೆ ಸಾಕು. ಕೊಡಿಲ್ಲಿ ಪೆನ್ನು."

ಪೀಯಾ ಪೆನ್ನು ಕೊಡಲಿಲ್ಲ. ನಡಾವಳಿ ಪುಸ್ತಕ ತೆರೆದು ಸಿರ್ಕಾಳ ಕಡೆಗೆ ತಿರುಗಿಸಿಟ್ಟಳು. ಓದುವ ಅಗತ್ಯವೇನೂ ಇರಲಿಲ್ಲ. ಪೆನ್ನಲ್ಲಿ. ಮೊದಲು ಮಾತಿಲ್ಲ, ಆಮೇಲೆ ತಿದ್ದೋ ಹಾಗಿಲ್ಲ. ಕೆಳಗೆ ತನ್ನದೇ ಸಹಿ, ದಪ್ಪನೆಯ ಅಕ್ಷರದಲ್ಲಿ.

"ಇನ್ನೊಂದು ದಾರಿ ಯೋಚನೆ ಮಾಡ್ದೆ," ಎಂದಳು ಪೀಯಾ. "ನೀನು ಅವಳ ಕಡೆಯವಳು, ಅವಳಿಗೇ ಸಿಗಲಿ ಅಂತ ಕೂತಿದ್ದೆ ಅಂತ ಬಾಯಿಬಿಟ್ಟು ಹೇಳಿದ್ರೆ, ಕಾನೂನು ಪ್ರಕಾರ ನೀನು ಇಲ್ಲಿ ಕೂರೋ ಹಾಗೇ ಇಲ್ಲ. ನಿನ್ನ ಹಾಳೆ ತೆಗೆದುಹಾಕ್ಬೇಕು. ಆಗ ಅಂತರ ಒಂದಲ್ಲ, ಆರಾಗತ್ತೆ. ನಾನು ಏನು ಮಾಡ್ಲಿ ಹೇಳು?"

ಏನೂ ಮಾಡುವ ಹಾಗಿರಲಿಲ್ಲ. ಸಿರ್ಕಾಳಿಗೆ ಪೀಯಾಳ ಮೇಲೆ ಸಿಟ್ಟು ಬರಲಿ ಎಂದು ಎಷ್ಟು ಪ್ರಯತ್ನಿಸಿದರೂ ಅದು ತಿರುಗಿ ತಿರುಗಿ ತನ್ನ ಮೇಲೇ ಬಂದು ಕೂರುತ್ತಿತ್ತು. ಪೀಯಾ ಯೊನ್ನಾಳಲ್ಲಿ ತನ್ನನ್ನೇ ಕಂಡಳು, ಕಂಡು ಕೈತುಂಬ ಕೊಟ್ಟಳು. ಸಿರ್ಕಾ ವಿರ್ಪಿಯಲ್ಲಿ ಕಂಡದ್ದೂ ತನ್ನನ್ನೇ. ಆದರೆ ತನಗೆ ತಾನು ಎಂದಾದರೂ ಐದು ಕೊಟ್ಟುಕೊಂಡಿದ್ದಾಳೆಯೇ? ತನಗೆ ಅಳೆದ ಪಾವಿನಲ್ಲೇ ಅವಳಿಗೂ ಅಳೆದು, ಮೇಲಿಂದ ಕೈಯಾಡಿಸಿ ಮಟ್ಟ ಮಾಡಿದ್ದಳು. ಕೋಟೆ ಕಟ್ಟಿದ್ದೇನೋ ಸರಿ, ವಿರ್ಪಿಯನ್ನು ಹೊರಗೆ ಬಿಟ್ಟು ಬಾಗಿಲು ಹಾಕಿದ್ದಳು.

ಕೆಳಗೆ ಇಳಿದು ಬರುವಷ್ಟರಲ್ಲಿ ಹನ್ನೆರಡು ದಾಟಿತ್ತು. ಮಕ್ಕಳ ಊಟ ಮುಗಿದಿತ್ತು. ಊಟದ ಕೋಣೆಯಲ್ಲಿ ಬೆಂಚುಗಳು ಖಾಲಿಯಾಗಿ, ಅಲ್ಲಲ್ಲಿ ರೈ ರೊಟ್ಟಿಯ ಚೂರು ಬಿದ್ದಿದ್ದವು. ಅಭ್ಯಾಸಬಲದಿಂದ ಸಿರ್ಕಾ ಮಿಕ್ಕದ್ದರ ಬಕೆಟ್‌ಗೆ ಇಣುಕಿದಳು. ತಳ ಕಾಣುತ್ತಿತ್ತು. ಒಳಗೆ ವಿರ್ಪಿ ಹಂಡೆಯ ಮೇಲೆ ಬಾಗಿ, ತಳದ ಸೂಪನ್ನು ಸೌಟಿನಿಂದ ಬಳಿದು ಎರಡು ಬಟ್ಟಲಿಗೆ ಹಾಕುತ್ತಿದ್ದಳು. ಮೂವತ್ತೊಂದು ವರ್ಷದ ಬಟಾಣಿ ಸೂಪಿನ ಗುರುವಾರಗಳ ಹಾಗೆಯೇ ಇವತ್ತಿನ ಗುರುವಾರಕ್ಕೂ ಹೊಗೆಯಾಡಿಸಿದ ಹಂದಿಮಾಂಸದ ಪರಿಮಳವಿತ್ತು.

ವಿರ್ಪಿ ತಲೆಯೆತ್ತಿ ಸಿರ್ಕಾಳ ಮುಖ ನೋಡಿದಳು. ಸೌಟನ್ನು ಕೆಳಗಿಟ್ಟಳು.

"ಕುವೊಪಿಯೊದವಳಿಗಾ?"

"ಹೂಂ." ಸಿರ್ಕಾ ಸ್ಟೂಲೆಳೆದು ಕೂತಳು. "ಒಂದಂಕದಲ್ಲಿ ಹೋಯ್ತು. ಒಂದೇ ಒಂದು ಅಂಕ."

ವಿರ್ಪಿ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು.

"ಮಗಳಿಗೆ ಹೇಗೆ ಹೇಳೋದೋ," ಎಂದಳು ಆಮೇಲೆ. "ಅವಳ ನಾಯೀನ ಔಲುವಿನ ಬಾಡಿಗೆ ಮನೇಲಿ ಯಾರು ಇಟ್ಕೊಳಕ್ಕೆ ಬಿಡ್ತಾರೆ." ಮತ್ತೆ, ಎಂದೂ ಏನನ್ನೂ ಕೇಳದ ವಿರ್ಪಿ ಕೇಳಿದಳು. "ನೀನು ಎಷ್ಟು ಕೊಟ್ಟೆ?"

ಇದನ್ನು ಸಿರ್ಕಾ ಎದುರು ನೋಡಿರಲಿಲ್ಲ. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ, ಈ ಹೊತ್ತಿನಲ್ಲೂ ಬರಲಿಲ್ಲ.

"ನಾಲ್ಕು. ಹೆಚ್ಚುಕಡಿಮೆ ಎಲ್ಲದಕ್ಕೂ ನಾಲ್ಕು."

"ನಾಲ್ಕಾ?" ವಿರ್ಪಿಯ ಕಣ್ಣು ಅಗಲವಾಯಿತು. ಕತ್ತಿನಿಂದ ಮೇಲಕ್ಕೆ ಕೆಂಪು ಹತ್ತಿತು. "ನೀನಾ? ನಿಜ ಹೇಳ್ತಿದೀಯಾ? ಎರಡರ ಮೇಲೆ ಯಾರಿಗೂ ಕೊಟ್ಟೋಳೇ ಅಲ್ವಲ್ಲ ನೀನು!"

ಅವಳು ನಗುತ್ತಿದ್ದಳು. ಕೆಲಸ ಹೋಗಿದೆ, ಮನೆಗೆ ಬೀಗ ಹಾಕಬೇಕಿದೆ, ನಾಯಿಗೆ ದಿಕ್ಕಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಬಹುಮಾನ ಬಂದ ಹುಡುಗಿಯ ಹಾಗೆ ನಗುತ್ತಿದ್ದಳು. "ಎಲ್ಲದಕ್ಕೂ ನಾಲ್ಕು," ಎಂದು ತನ್ನಷ್ಟಕ್ಕೇ ಇನ್ನೊಮ್ಮೆ ಹೇಳಿಕೊಂಡು, ಸೂಪಿನ ಬಟ್ಟಲನ್ನು ಸಿರ್ಕಾಳ ಮುಂದೆ ತಂದಿಟ್ಟಳು. "ಇದು ಸಾಕು ಬಿಡು ನನಗೆ. ತಿನ್ನು, ಆರೋಗತ್ತೆ."

ಬೈದಿದ್ದರೆ ಸಿರ್ಕಾ ತಡೆದುಕೊಳ್ಳುತ್ತಿದ್ದಳು. ಬಟ್ಟಲು ಎಸೆದಿದ್ದರೂ ತಡೆದುಕೊಳ್ಳುತ್ತಿದ್ದಳು. ಐದು ಕೊಡಬೇಕಿತ್ತು ಕಣೇ, ಐದೇ ನಿನ್ನ ಬೆಲೆ, ನಾನೇ ಕೆಡಿಸಿದೆ ಎನ್ನುವ ಮಾತು ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಅವಳು ಚಮಚ ಎತ್ತಿದಳು. ಬಟಾಣಿ ಹದವಾಗಿ ಬೆಂದು ಕರಗಿತ್ತು. ಅಂಚಿಗೆ ಸಾಸಿವೆ ಒಂದು ಚೂರು. ಇಂಥ ಸೂಪನ್ನು ಅವಳು ತನ್ನ ಜನ್ಮದಲ್ಲಿ ಮಾಡಿರಲಿಲ್ಲ.

"ಉಪ್ಪು ಸರಿ ಇದ್ಯಾ?" ಎಂದು ಕೇಳಿದಳು ವಿರ್ಪಿ.

"ಪರವಾಗಿಲ್ಲ," ಎಂದಳು ಸಿರ್ಕಾ.

ಆ ಮಾತು ತನ್ನ ಬಾಯಿಂದಲೇ ಬಂದದ್ದನ್ನು ಕೇಳಿ ಅವಳಿಗೆ ತನ್ನ ನಾಲಿಗೆಯನ್ನು ಕಿತ್ತು ಬಕೆಟ್‌ಗೆ ಹಾಕುವಷ್ಟು ರೋಷ ಬಂತು. ವಿರ್ಪಿ ಮಾತ್ರ ತಲೆಯಾಡಿಸಿ, ತೃಪ್ತಿಯಿಂದ ಹಂಡೆಗೆ ನೀರು ಬಿಟ್ಟಳು.

ಸಿರ್ಕಾ ಬಟ್ಟಲು ಖಾಲಿ ಮಾಡಿ, ತೊಳೆದಿಟ್ಟು, ಕೋಟು ಹಾಕಿಕೊಂಡು ಹೊರಟಳು. ಊಟದ ಕೋಣೆಯ ಬಾಗಿಲ ಬಳಿ ನಿಂತಳು. ಯಂತ್ರದ ನಾಲ್ಕು ಮುಖಗಳು ಮಕ್ಕಳ ಎತ್ತರಕ್ಕೆ ಇದ್ದವು; ಅವಳು ಸೊಂಟ ಬಗ್ಗಿಸಬೇಕಾಯಿತು. ಹಿಂತಿರುಗಿ ನೋಡಿದಳು. ಯಾರೂ ಇರಲಿಲ್ಲ. ಹಸಿರು ನಗುವಿನ ಮೇಲೆ ಬೆರಳಿಟ್ಟು ಒತ್ತಿದಳು. ಪುಟ್ಟ ದೀಪ ಮಿನುಗಿತು.

ಮತ್ತೆ ಒತ್ತಿದಳು. ಮತ್ತೆ. ಹೆಬ್ಬೆರಳು ನೋಯುವವರೆಗೆ ಒತ್ತಿದಳು. ಒಳಗಿನಿಂದ ವಿರ್ಪಿ ಹಂಡೆಯ ತಳವನ್ನು ಬ್ರಷ್ಷಿನಿಂದ ತಿಕ್ಕುವ ಸದ್ದು ಬರುತ್ತಿತ್ತು. ದೀಪ ಹತ್ತಲಿಲ್ಲ.